ತಿಮಿಂಗಿಲದ ಪೆಟ್ಟಿಗೆ – ಕಂತು ೭: ವಾಲಿದ ತೊಟ್ಟಿಲು

"ಈ ತಪ್ಪು ನಂದ್ರಿ ಕಾಕಾರ," ಎಂದಳು ದೇವಕ್ಕ.

ಕಳ್ಳಮಾಲಿನವರು ತಪ್ಪೊಪ್ಪಿಕೊಳ್ಳುವುದನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಒಪ್ಪಿಕೊಳ್ಳುತ್ತ ನಗುವವರನ್ನು ಕಂಡದ್ದು ಅದೇ ಮೊದಲು. ನಗುತ್ತಿದ್ದವಳ ಕಣ್ಣಲ್ಲಿ ನೀರೂ ಇತ್ತು.

ಎಕ್ಕಂಬಿಯ ಅವರ ಮನೆಯ ಮುಂಗಟ್ಟೆಯ ಮೇಲೆ ವಾರವಿಡೀ ನನ್ನ ಮನೆಯಲ್ಲಿದ್ದ ಪೆಟ್ಟಿಗೆಯ ಕಾಗದವನ್ನು ನಾನು ಆಗಷ್ಟೇ ಅವಳ ಮುಂದೆ ಬಿಚ್ಚಿದ್ದೆ. ದೇವಕ್ಕನ ಗಂಡ ಮಧುಕೇಶ್ವರ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಸತ್ತನೆಂದು ಸುದ್ದಿ ತಂದ ಅದೇ ಹಡಗಿನ ಖಲಾಸಿ, ಕಾನಸೂರಿನ ವೆಂಕಟ್ರಮಣ, ಗುರುತಿಗೆಂದು ಕೊಟ್ಟುಹೋದ ಪೆಟ್ಟಿಗೆ ಅದು. ಸುದ್ದಿಯನ್ನು ಮನೆಯವರೆಲ್ಲ ನಂಬಿದರು, ಇವಳೊಬ್ಬಳು ನಂಬಲಿಲ್ಲ. ಹೋದ ವಾರ ಕಾಗದ ಸುತ್ತಿದ್ದ ಹಾಗೆಯೇ ಅದನ್ನು ತಂದು ನನ್ನ ಮುಂದೆ ಇಟ್ಟಿದ್ದಳು. "ನಾ ಬಿಚ್ಚಿ ನೋಡಿಲ್ರಿ. ನೋಡಿದ್ರ ನಂಬಬೇಕಾಗತೈತಿ," ಎಂದಿದ್ದಳು.

ಅಂದು ಶನಿವಾರ. ಸೋಮವಾರ ಸತ್ತವನ ಹೆಸರಿನಲ್ಲಿ ಶಿವಗಣಾರಾಧನೆ ಎಂದು ಊರಿಗೆಲ್ಲ ಹೇಳಿಯಾಗಿತ್ತು. ಅದೇ ದಿನ ಅವಳ ತಾಳಿ ತೆಗೆಯುವುದೆಂದು ಹಿರಿಯರು ಗೊತ್ತು ಮಾಡಿದ್ದರು.

"ತಪ್ಪು ಅಂದ್ರೆ ಯಾವುದು, ತಂಗಿ?" ಎಂದೆ.

ಅವಳು ಕಂಕುಳಲ್ಲಿದ್ದ ಮಗುವನ್ನು ಕೆಳಗಿಳಿಸಿ, ಮುಚ್ಚಳದಲ್ಲಿ ಕೊರೆದ ತೊಟ್ಟಿಲಿನ ಮೇಲೆ ಬೆರಳಿಟ್ಟಳು. "ಈ ತೊಟ್ಟಲಾ ವಾಲೇತಿ ನೋಡ್ರಿ. ನಾ ಕಸೂತಿ ಹಾಕುಮುಂದ ಎಡಗಡಿ ಹಗ್ಗದಾಗ ಒಂದು ನೂಲು ಕಡಿಮಿ ಎಣಿಸೀನಿ. ಕೂಸು ಅಳಾಕತ್ತಿತ್ತು, ಬಿಚ್ಚಿ ಹೊಲಿಯಾಕ ಬ್ಯಾಸರಾತು, ಹಂಗ ಬಿಟ್ಟೆ. ಕೂಸು ಜಾರಿ ಬೀಳತೈತಿ ಅಂತ ಅತ್ತಿ ಮುಟ್ಟಿ ನೋಡಿ ನಕ್ಕಿದ್ರು."

ಮಾತು ನನಗೆ ಪೂರ್ತಿ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಾನು ಕಟ್ಟೆಯ ಮೇಲೆ ನೆಟ್ಟಗೆ ಕೂತೆ.

ಮುಂಬಯಿ ಬಂದರಿನ ಸುಂಕದ ಇಲಾಖೆಯಲ್ಲಿ ಖಲಾಸಿಗಳ ಟ್ರಂಕು ಬಿಚ್ಚಿಸಿ ನೋಡುವುದೇ ನನ್ನ ನೌಕರಿಯಾಗಿತ್ತು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದನ್ನು ಬಿಟ್ಟು ಶಿರಸಿಗೆ ಬಂದೆ. ಅಂದಿನಿಂದ ಸುತ್ತಲಿನ ಜನ ತಮ್ಮ ತಮ್ಮ ಟ್ರಂಕುಗಳನ್ನು ನನ್ನ ಮುಂದೆ ತಾವೇ ಬಿಚ್ಚುತ್ತಿದ್ದಾರೆ. ಬೇಡವೆಂದರೂ ಕೇಳುವುದಿಲ್ಲ.

ಇಂಥ ಪೆಟ್ಟಿಗೆಗಳು ನನಗೆ ಹೊಸವಲ್ಲ. ತಿಮಿಂಗಿಲದ ದವಡೆಯ ಎಲುಬನ್ನು ತೆಳ್ಳಗೆ ಕೊಯ್ದು, ಬಿಸಿನೀರಿನಲ್ಲಿ ಮೆದುಮಾಡಿ ಬಗ್ಗಿಸಿ, ತುದಿಗೆ ತುದಿ ಸೇರಿಸಿ ಹಿತ್ತಾಳೆಯ ಮೊಳೆ ಹೊಡೆಯುತ್ತಾರೆ. ತಳಕ್ಕೆ ಮರದ ಹಲಗೆ. ಮುಚ್ಚಳದ ಮೇಲೆ ಹಾಯಿ ಹೊಲಿಯುವ ಸೂಜಿಯಿಂದ ಚಿತ್ರ ಕೊರೆದು, ಗೆರೆಗಳಿಗೆ ದೀಪದ ಕಾಡಿಗೆ ತುಂಬಿ ಒರೆಸುತ್ತಾರೆ. ತಿಮಿಂಗಿಲ ಕಾಣದ ದಿನಗಳಲ್ಲಿ ಹಡಗಿನವರಿಗೆ ಹೊತ್ತು ಹೋಗಬೇಕಲ್ಲ. ಹೆಂಡತಿಯ ಸೂಜಿದಾರಕ್ಕೊಂದು ಪೆಟ್ಟಿಗೆ, ತಾಯಿಗೊಂದು ಪೆಟ್ಟಿಗೆ. ಮೇಲೆ ಹಡಗೋ ಲಂಗರೋ, ಇಲ್ಲವೇ ನಡು ಬಿಗಿದ ಬಿಳಿ ಮಡ್ಡಮ್ಮನ ಚಿತ್ರವೋ ಇರುತ್ತದೆ.

ತೊಟ್ಟಿಲು ಕೊರೆದ ಪೆಟ್ಟಿಗೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅದು ವಾಲಿದ್ದನ್ನು ನೋಡಿ, ಹಡಗು ಓಲಾಡುವಾಗ ಕೊರೆದಿರಬೇಕು ಎಂದು ವಾರವಿಡೀ ಜಾಣನ ಹಾಗೆ ತಲೆದೂಗಿದ್ದೆ.

"ಯಾವುದರ ಮೇಲೆ ಹೊಲಿದದ್ದು ಇದು?"

"ಕೂಸಿನ ಕುಲಾಯಿ ಮ್ಯಾಲರಿ. ಅಪ್ಪನ ಕಣ್ಣಿಗೆ ಬೀಳದ ಕೂಸು. ವರ್ಷ ತುಂಬಿ ಕುಲಾಯಿ ಬಿಗಿಯಾದ ಮ್ಯಾಲೆ, ತಲಿ ಎಷ್ಟು ದೊಡ್ಡದೈತಿ ಅಂತಾದ್ರೂ ನೋಡ್ಲಿ ಅಂತ ಹಡಗಿನ ಆಫೀಸಿಗೆ ಪಾರ್ಸಲ್ ಕಳಿಸಿದ್ದೆ."

"ಯಾವಾಗ?"

"ಹ್ವಾದ ವರ್ಷ ದೀಪಾವಳಿಗೆ."

ನಾನು ಬಾಗಿಲ ಕಡೆ ನೋಡಿದೆ. ಮಧುಕೇಶ್ವರನ ಅಣ್ಣ ನಾಗಪ್ಪ ಅಲ್ಲಿ ಅಡ್ಡ ನಿಂತಿದ್ದ. ಎಲುಬು ಹೊಸ್ತಿಲು ದಾಟಬಾರದು ಎಂಬುದು ಅವನ ಹಟ. ಅವನನ್ನು ದೂರುವಂತಿರಲಿಲ್ಲ. ನಮ್ಮ ಮನೆಯಲ್ಲೂ ನನ್ನ ಹೆಂಡತಿ ಸಾವಿತ್ರವ್ವ ಅದನ್ನು ಚಪ್ಪಲಿಯ ಪಕ್ಕದಲ್ಲಿ ಇಡಿಸಿದ್ದಳು. ಲಿಂಗ ಕಟ್ಟಿದ ಮನೆಗಳಲ್ಲಿ ಪ್ರಾಣಿಯ ಎಲುಬಿಗೆ ಸಿಗುವ ಮರ್ಯಾದೆ ಅಷ್ಟೆ.

"ನಾಗಪ್ಪ, ನಿನ್ನ ತಮ್ಮ ಯಾವಾಗ ಹೋದ ಅಂತ ಹೇಳಿದ ವೆಂಕಟ್ರಮಣ?"

"ಹ್ವಾದ ವರ್ಷ ಹೋಳಿ ಹುಣ್ಣಿವಿಗೆ. ಬಿರುಗಾಳಿಗೆ ಸಿಕ್ಕು."

"ಹೋಳಿಗೆ ಸತ್ತವನು ದೀಪಾವಳಿಯ ಕುಲಾಯಿ ನೋಡಿ ಚಿತ್ರ ಬರೆದನೇನು?"

ನಾಗಪ್ಪ ಪೆಟ್ಟಿಗೆಯ ಕಡೆ ಬಗ್ಗಿ ನೋಡಿದ. ಹೋದ ವಾರ ನನಗೆ ಅವನ ಮೇಲೆಯೇ ಅನುಮಾನವಿತ್ತು, ಮುಚ್ಚಿಡುವುದೇಕೆ. ತಮ್ಮ ಇಲ್ಲವೆಂದರೆ ಹೊಲ ಒಬ್ಬನದೇ ಆಗುತ್ತದೆ. ಆದರೆ ಅಂದು ಅವನ ಮುಖದಲ್ಲಿ ಕಂಡದ್ದು ಹೊಲದ ಆಸೆಯಲ್ಲ. ಆಸೆ ಪಡಲು ಹೆದರುವವನ ಮುಖ ಅದು.

"ಸಾಹೇಬ್ರ, ಪಾರ್ಸಲ್ ಹಡಗಿಗೆ ಮುಟ್ಟಿರಬೇಕು, ಖರೆ. ಆದ್ರ ಸತ್ತಾಂವನ ಪಾರ್ಸಲ್ ಇನ್ಯಾರೋ ಬಿಚ್ಚಿ, ಚಂದ ಐತಿ ಅಂತ ಗೀಚಿರಬಾರದ್ಯಾಕ?" ಎಂದ.

ಒಳ್ಳೆಯ ಪ್ರಶ್ನೆ. ನನಗೆ ಹೊಳೆಯುವ ಮೊದಲೇ ಅವನಿಗೆ ಹೊಳೆದದ್ದು ಸ್ವಲ್ಪ ಕಿರಿಕಿರಿಯಾಯಿತು.

"ಇಲ್ಲಿ ಕೊಡ್ರಿ ಅದನ್ನ," ಎಂದು ಕಟ್ಟೆಯ ಮೂಲೆಯಿಂದ ಕಲ್ಲವ್ವ ಕೈ ಚಾಚಿದಳು. ಅವಳು ನಾಗಪ್ಪ, ಮಧುಕೇಶ್ವರ ಇಬ್ಬರಿಗೂ ತಾಯಿ. ಕಣ್ಣು ಮಂಜಾಗಿ ಬಹಳ ದಿನವಾಗಿದೆ, ಆದರೂ ಮಡಿಲಲ್ಲಿ ಸದಾ ಒಂದು ಬಟ್ಟೆ, ಕೈಯಲ್ಲೊಂದು ಸೂಜಿ.

"ಅವ್ವಾ, ಎಲುಬದು," ಎಂದ ನಾಗಪ್ಪ.

"ನನ್ನ ಮಗ ಕಳಿಸಿದ್ದು ಅಂದ್ಯಲ್ಲ ಮೊನ್ನಿ. ಈಗ ಎಲುಬಾತೇನು?"

ನಾನು ಪೆಟ್ಟಿಗೆಯನ್ನು ಅವಳ ಕೈಗಿತ್ತೆ. ಅವಳು ಹೆಬ್ಬೆರಳಿನ ಉಗುರನ್ನು ಗೆರೆಯ ಮೇಲೆ ನಿಧಾನವಾಗಿ ಎಳೆದಳು. ಎಳೆಯುತ್ತ ಎಳೆಯುತ್ತ ಅವಳ ಬಾಯಿ ತೆರೆದುಕೊಂಡಿತು.

"ಇದು ಗೀಚಿದ್ದಲ್ಲೋ ನಾಗ್ಯಾ," ಎಂದಳು. "ಹೊಲಿಗಿ ಹಾಕಿದ್ದು."

ಕಸೂತಿ ಹಾಕುವವರ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಬಿಡುತ್ತ ಹೋಗುತ್ತದೆ. ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ, ಹೊರಟಲ್ಲಿಗೇ ಬಂದು ಸೇರುತ್ತದೆ. ಗಂಟು ಹಾಕುವಂತಿಲ್ಲ. ಹಿಂದೆ ಮುಂದೆ ಎರಡೂ ಒಂದೇ ಹಾಗೆ ಕಾಣಬೇಕು.

ನಾನು ಭೂತಕನ್ನಡಿ ಹಿಡಿದೆ. ತೊಟ್ಟಿಲಿನ ಒಂದೊಂದು ಗೆರೆಯೂ ತುಂಡು ತುಂಡು. ಒಂದು ತುಂಡು ದಪ್ಪ, ಪಕ್ಕದ್ದು ಸಣ್ಣ, ಮತ್ತೊಂದು ದಪ್ಪ. ಹೋಗುವಾಗ ಮೊನಚಿಲ್ಲದ ಸೂಜಿಯಿಂದ ಕೊರೆದು, ಸೂಜಿ ಮಸೆದುಕೊಂಡು, ಬರುವಾಗ ನಡುವಿನ ಜಾಗಗಳನ್ನು ತುಂಬಿದ್ದಾನೆ. ಬೇರೆ ಯಾವ ಖಲಾಸಿಯಾದರೂ ಒಂದೇ ಎಳೆತಕ್ಕೆ ಗೆರೆ ಎಳೆದು ಮುಗಿಸುತ್ತಿದ್ದ. ಎಲುಬಿಗೆ ಯಾರಾದರೂ ಗವಂತಿ ಹಾಕುತ್ತಾರೆಯೇ?

"ನನ್ನ ಕಣ್ಣು ಹ್ವಾದ ಮ್ಯಾಲೆ ನೂಲು ಎಣಿಸಿಕೊಡ್ತಿದ್ದಾಂವ ಯಾರು?" ಎಂದಳು ಕಲ್ಲವ್ವ. "ನೀ ಎತ್ತಿನ ಹಿಂದ ಹೋಗ್ತಿದ್ದಿ. ಮಧೂನ ಕೂತು ಎಣಿಸ್ತಿದ್ದ. ಗಂಡಸಾಗಿ ಸೂಜಿ ಹಿಡೀತಾನ ಅಂತ ಓಣ್ಯಾಗ ನಕ್ರೂ ಕೂತಿರ್ತಿದ್ದ."

ನಾಗಪ್ಪ ಹೊಸ್ತಿಲ ಮೇಲೆ ಕುಸಿದು ಕೂತ. ದೇವಕ್ಕ ಸೆರಗಿನೊಳಗೆ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಹೋದ ವರ್ಷದ ದೀಪಾವಳಿಯ ಆಚೆಗೂ ಅವಳ ಗಂಡ ಬದುಕಿದ್ದ. ಅಷ್ಟಂತೂ ನಿಜ. ನನಗೂ ಎದೆ ಹಗುರಾಯಿತು.

"ಇಲ್ಲೊಂದು ಗೆರಿ ಬಂದು ಮುಟ್ಟಿಲ್ಲ," ಎಂದಳು ಕಲ್ಲವ್ವ ಇದ್ದಕ್ಕಿದ್ದಂತೆ. ಉಗುರು ತೊಟ್ಟಿಲಿನ ಬುಡದಲ್ಲಿ ನಿಂತಿತ್ತು. ಹೊರಟ ಜಾಗಕ್ಕೂ ಬಂದ ಜಾಗಕ್ಕೂ ನಡುವೆ ಒಂದು ಹೊಲಿಗೆಯಷ್ಟು ಖಾಲಿ.

"ಮರೆತಿರಬೇಕು," ಎಂದೆ.

"ಹೊಲಿಯಾಂವ ಕಡೀ ಹೊಲಿಗಿ ಮರಿಯೂದಿಲ್ರಿ. ಬಿಟ್ಟಾನ. ಯಾಕ ಬಿಟ್ಟಾನ ಅನ್ನೂದು ನೀವು ನೋಡ್ರಿ."

ನಾಗಪ್ಪ ಎದ್ದು ಪಂಚೆ ಕೊಡವಿದ. "ಸೋಮವಾರದ್ದು ಇಲ್ಲ ಅಂತ ಹೇಳಿ ಬರ್ತೀನ್ರಿ ಸಾಹೇಬ್ರ. ಮಂದಿ ಏನರ ಅಂದುಕೊಳ್ಳಲಿ."

ಅವನನ್ನು ಕಳಿಸಿದವನು ನಾನೇ. ಬೆನ್ನು ತಟ್ಟಿ ಕಳಿಸಿದೆ. ಪೆಟ್ಟಿಗೆಯನ್ನು ಕಲ್ಲವ್ವ ಮಡಿಲಿನಿಂದ ಬಿಡಲಿಲ್ಲ, ನಾನೂ ಕೇಳಲಿಲ್ಲ. ಶಿರಸಿಗೆ ಬಂದು, ಅಲ್ಲಿಂದ ಸಿದ್ದಾಪುರದ ಬಸ್ಸು ಹಿಡಿದೆ.

*

ಕಾನಸೂರಿನಲ್ಲಿ ವೆಂಕಟ್ರಮಣ ಕೊಟ್ಟಿಗೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ದನ ಕಟ್ಟುವ ಹಗ್ಗಕ್ಕೂ ಹಡಗಿನ ಗಂಟು ಹಾಕುವ ಕೈ ಅದು. ನನ್ನನ್ನು ಕಂಡು ಎದ್ದು ನಿಂತ. ಅವನ ಹೆಂಡತಿ ಮಂಜಿ ಮಾತಿಲ್ಲದೆ ನೀರು ಬೆಲ್ಲ ತಂದಿಟ್ಟಳು.

"ಮಧುಕೇಶ್ವರ ಸತ್ತದ್ದನ್ನು ಇನ್ನೊಂದು ಸಲ ಹೇಳು ಮಾರಾಯಾ," ಎಂದೆ. "ವಯಸ್ಸಾಯಿತು, ಮರೆತುಹೋಗುತ್ತದೆ."

ಹೇಳಿದ. ಗಾಳಿ ಎಬ್ಬಿಸಿದ ಅಲೆ, ಜಾರಿದ ಕಾಲು, ಹಗ್ಗ ಎಸೆದರೂ ಸಿಗದ ಕೈ. ಹೋದ ವಾರ ಹೇಳಿದ್ದಕ್ಕೂ ಇದಕ್ಕೂ ಒಂದು ಅಕ್ಷರ ಆಚೀಚೆ ಇಲ್ಲ. ನಿಜ ಹೇಳುವವರು ಎರಡನೆಯ ಸಲ ಏನನ್ನಾದರೂ ಮರೆಯುತ್ತಾರೆ, ಏನನ್ನಾದರೂ ಸೇರಿಸುತ್ತಾರೆ.

"ಪಾಪ. ಕೆಲಸದವ ಹೇಗಿದ್ದ?"

"ಅಂಥಾ ಕೈ ಇಲ್ಲ ಮಾರಾಯ್ರೆ. ಹಡಗಿನ ಬಡಿಗಿಗೆ ಸಹಾಯಕ ಅಂತ ಸೇರಿದ್ದು, ಬಡಿಗಿಗಿಂತ ಜೋರಾದ. ಎಲುಬಿನ ಕೆಲಸ ಮುದುಕ ಖಲಾಸಿ ಒಬ್ಬ ಕಲಿಸ್ದ. ಸುರುವಿಗೆ ಮುಟ್ಟೂದೇ ಇಲ್ಲ ಅಂತಿದ್ದ, ತಮ್ಮಲ್ಲಿ ಆಗೂದಿಲ್ಲ ಅಂತ. ಆಮೇಲೆ ಒಂದಿನ ತಾನಾಗೇ ಕೇಳಿ ತಕಂಡ."

"ಆ ತೊಟ್ಟಿಲು ಬಹಳ ಚಂದ ಇದೆ. ಮನಸ್ಸಿನಿಂದಲೇ ಬರೆದದ್ದೋ?"

"ಮನಸಿಂದ ಎಲ್ಲಿ ಬರ್ತದೆ? ಮಗೂದು ಟೊಪ್ಪಿ ಎದ್ರಿಗೆ ಇಟ್ಕಂಡು, ಒಂದೊಂದೇ ನೂಲು ಎಣಿಸ್ತಾ..."

ಅವನ ಕೈ ಹಗ್ಗದ ಮೇಲೆ ನಿಂತಿತು. ಹೇಳಬಾರದ್ದನ್ನು ಹೇಳಿದೆನೆಂದು ಗೊತ್ತಾಯಿತು, ಯಾವುದೆಂದು ಇನ್ನೂ ಗೊತ್ತಾಗಿರಲಿಲ್ಲ.

"ಆ ಟೊಪ್ಪಿ ಎಕ್ಕಂಬಿಯಿಂದ ಹೊರಟದ್ದು ದೀಪಾವಳಿಗೆ," ಎಂದೆ. "ನೀನು ಅವನನ್ನು ಹೋಳಿಗೇ ಮುಗಿಸಿಬಿಟ್ಟಿದ್ದೀಯಲ್ಲ."

ವೆಂಕಟ್ರಮಣ ನೆಲ ನೋಡಿದ. ಕೊಟ್ಟಿಗೆಯಲ್ಲಿ ಕರು ಕೂಗಿತು. ನಾನು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಇಂಥ ಹೊತ್ತಿನಲ್ಲಿ ಅವಸರ ಮಾಡಿದರೆ ಕೆಲಸ ಕೆಡುತ್ತದೆ.

"ಸೋಮವಾರ ಆ ಹುಡುಗಿಯ ತಾಳಿ ತೆಗೆಯುತ್ತಾರೆ," ಎಂದೆ, ಅದು ನಿಂತದ್ದನ್ನು ಹೇಳದೆ. "ನೀನು ಹೇಳಿದ ಮಾತಿಗೆ."

"ಹೇಳ್ಬಿಡಿ," ಎಂದಳು ಬಾಗಿಲಲ್ಲಿ ನಿಂತಿದ್ದ ಮಂಜಿ. "ನೀವು ಹೇಳ್ದೆ ಇದ್ರೆ ನಾನು ಹೇಳ್ತೆ. ಆ ಹೆಂಗಸಿನ ಮುಖ ಕಣ್ಣಿಗೆ ಕಟ್ಟಿದ ಹಾಗೆ ಆಗ್ತದೆ, ಅನ್ನ ಇಳಿಯೂದಿಲ್ಲ ನಂಗೆ."

ವೆಂಕಟ್ರಮಣ ಮುಖ ಒರೆಸಿಕೊಂಡ. "ಅವನೇ ಹಂಗೆ ಹೇಳು ಅಂದದ್ದು. ಹೋಳಿಗೆ ಸತ್ತಂವ ಬೇರೆ. ಆ ಸಾವನ್ನೇ ಇವನ ಹೆಸರಿಗೆ ಹೇಳ್ದೆ. ಬೇಡ ಅಂತ ಎಷ್ಟು ಹೇಳಿದೆ ಗೊತ್ತುಂಟಾ? ಕೈ ಮುಗಿದ. ದೊಡ್ಡ ಗಂಡಸು, ನನ್ನ ಕಾಲು ಮುಟ್ಟೂಕೆ ಬಂದ."

"ಬದುಕಿದ್ದೂ ಸತ್ತೆ ಅಂತ ಯಾಕೆ ಹೇಳಿಸಬೇಕು? ಅಲ್ಲಿ ಇನ್ನೊಂದು ಸಂಸಾರವೇನಾದರೂ?"

"ಛೆ, ಅಂಥಾದ್ದಲ್ಲ." ಅವನು ತನ್ನ ಎದೆಯ ನಡುವೆ ಕೈಯಿಟ್ಟು ತೋರಿಸಿದ. "ಇಲ್ಲಿದ್ದದ್ದು ಹೋಯ್ತು."

ನಾನು ನೀರಿನ ಚೆಂಬು ಕೆಳಗಿಟ್ಟು, "ಯಾವಾಗ?" ಎಂದೆ.

"ಈ ವರ್ಷ ಸಂಕ್ರಾಂತಿ ಕಳೆದ ಮೇಲೆ. ತಿಮಿಂಗಿಲ ಕಡಿಯೂ ಅಟ್ಟದ ಮೇಲೆ ಅಲೆ ಬಂತು. ನಾವೆಲ್ಲ ಹಗ್ಗ ಹಿಡಕಂಡ್ವಿ. ಅವನ ಕೊರಳದಾರ ಎಂತಕ್ಕೋ ಸಿಕ್ಕಿ ಹರೀತು. ಆ ಬೆಳ್ಳಿ ಗುಂಡು ನೀರಲ್ಲಿ, ರಕ್ತದಲ್ಲಿ ಉರುಳ್ತಾ ಹೋಗಿ ಅಂಚಿಂದ ಆಚೆ ಬಿತ್ತು. ನೋಡ್ತಾನೇ ನಿಂತ. ಅದರ ಹಿಂದೆ ಹಾರ್ತಾನೆ ಅಂತ ಇಬ್ಬರು ಹಿಡಕಂಡ್ವಿ."

"ಆಮೇಲೆ?"

"ಆಮೇಲೆ ಪೆಟ್ಟಿಗೆ ಮುಟ್ಲಿಲ್ಲ. ಇನ್ನೊಂದು ಗೀರು ಹಾಕಿದ್ರೆ ಮುಗೀತಿತ್ತು. ಹಾಕೋ ಅಂದೆ. ಸತ್ತಂವ ಹ್ಯಾಗೆ ಹಾಕ್ತಾನೆ ಅಂದ. ತಮ್ಮಲ್ಲಿ ಅದು ಹೋದ್ರೆ ಜೀವ ಹೋದ ಹಾಗೇ ಅಂತೆ. ಹೌದ್ರಾ?"

ನನ್ನ ಕೈ ಅಂಗಿಯೊಳಗಿನ ಕರಡಿಗೆಯ ಮೇಲೆ ಹೋಗಿತ್ತು, ಯಾವಾಗ ಹೋಯಿತೋ ತಿಳಿಯದು. ಬೆಳ್ಳಿಯ ಆ ಪುಟ್ಟ ಗೂಡಿನಲ್ಲಿ ಇರುವ ಲಿಂಗ ನನ್ನ ಜತೆ ಮುಂಬಯಿ ಬಂದರಿನ ಬಿಸಿಲು ಮಳೆ ಎಲ್ಲ ಕಂಡಿದೆ. ನನ್ನ ಅಜ್ಜ ಅದೇ ಮಾತು ಹೇಳುತ್ತಿದ್ದ. ಲಿಂಗ ಕಳೆದುಕೊಂಡವನು ಮನೆಗೆ ಬರಬಾರದು ಎನ್ನುತ್ತಿದ್ದ. ಗುರುವಿನ ಕೈಯಿಂದ ಮತ್ತೆ ಕಟ್ಟಿಸಿಕೊಂಡು ಸುಖವಾಗಿ ಬದುಕಿದವರನ್ನೂ ನಾನು ಕಂಡಿದ್ದೇನೆ. ಆದರೆ ಆ ಹುಡುಗ ಕೇಳಿ ಬೆಳೆದದ್ದು ನನ್ನ ಅಜ್ಜನಂಥವರ ಮಾತನ್ನೇ. ಸಮುದ್ರದ ನಡುವೆ ಅವನಿಗೆ ಬೇರೆ ಮಾತು ಹೇಳುವವರು ಯಾರಿದ್ದರು?

ನನಗೆ ಅವನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಸಂಕಟವಾಯಿತು.

"ಸತ್ತವ ಪೆಟ್ಟಿಗೆ ಯಾಕೆ ಕಳಿಸಿದ?" ಎಂದೆ. "ಸುದ್ದಿ ಮಾತ್ರ ಕಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ."

"ಸಮುದ್ರಕ್ಕೆ ಎಸಿಯೂಕೆ ಅಂತ ಎರಡು ಸಲ ಕೈ ಎತ್ತಿದ. ಆಗಲಿಲ್ಲ."

ಆ ಒಂದು ಮಾತಿನಿಂದ ನನಗೆ ಧೈರ್ಯ ಬಂತು. ಪೆಟ್ಟಿಗೆ ಎಸೆಯಲಾರದವನನ್ನು ಮನೆಗೆ ತರಬಹುದು.

"ಎಲ್ಲಿದ್ದಾನೆ?"

"ಯಲ್ಲಾಪುರದಲ್ಲಿ. ಮರ ಕೊಯ್ಯೂ ಅಡ್ಡೆಯಲ್ಲಿ ಬಡಿಗಿ ಕೆಲಸ. ನನ್ನ ಜತೇಲೇ ಬಂದದ್ದು."

ಯಲ್ಲಾಪುರ! ಎಕ್ಕಂಬಿಯಿಂದ ಬಸ್ಸಿನಲ್ಲಿ ಒಂದೇ ದಿನ ಹೋಗಿ ಬರಬಹುದಾದಷ್ಟು ಹತ್ತಿರ. ನಾನು ಎದ್ದು ಚಪ್ಪಲಿ ಮೆಟ್ಟಿದೆ. "ನಡಿ, ಈಗಲೇ ಹೋಗೋಣ."

"ಈಗ ಅಲ್ಲಿಲ್ಲ. ನಿನ್ನೆ ಇಲ್ಲಿಗೆ ಬಂದಿದ್ದ. ಸೋಮವಾರ ತನ್ನದೇ ಆರಾಧನೆಗೆ ಹೋಗ್ತಾನಂತೆ. ಹೊರಗೆ ಆಳುಗಳ ಸಾಲಲ್ಲಿ ಊಟಕ್ಕೆ ಕೂತು, ಕೂಸನ್ನ ಒಂದ್ಸಲ ಕಣ್ತುಂಬ ನೋಡಿ, ಸೀದಾ ಬೊಂಬಾಯಿಗೆ ಹೋಗಿ ಹಡಗು ಹತ್ತೂದಂತೆ. ಗಡ್ಡ ಎದೆವರೆಗೆ ಬಂದದೆ, ಯಾರಿಗೂ ಗುರ್ತ ಸಿಗೂದಿಲ್ಲ ಅಂದ. ಇವತ್ತು ಬೆಳಿಗ್ಗೆ ಎಕ್ಕಂಬಿ ಕಡೆಗೇ ಹೋದ."

ನಾನು ಚಪ್ಪಲಿ ಮೆಟ್ಟಿದವನು ಹಾಗೆಯೇ ನಿಂತೆ.

ಅವನು ಕಾಣಿಸಿಕೊಳ್ಳಲು ಇದ್ದದ್ದು ಒಂದೇ ಜಾಗ, ಅವನ ಆರಾಧನೆ. ಅದನ್ನು ಆ ದಿನ ಬೆಳಿಗ್ಗೆ, ಬೆನ್ನು ತಟ್ಟಿ, ನಾನೇ ನಿಲ್ಲಿಸಿ ಬಂದಿದ್ದೆ.

*

ನಾನು ಎಕ್ಕಂಬಿ ಮುಟ್ಟುವಾಗ ಕಣದಲ್ಲಿ ಭತ್ತದ ರಾಶಿಗೆ ಇಳಿಬಿಸಿಲು ಬಿದ್ದಿತ್ತು. ದಾರಿಯಲ್ಲಿ ಸಿಕ್ಕ ಪ್ರತಿ ಗಡ್ಡದ ಮುಖವನ್ನೂ ಬಗ್ಗಿ ನೋಡಿದ್ದೆ. ಒಬ್ಬ ಬೈರಾಗಿ ನನಗೆ ಆಶೀರ್ವಾದ ಮಾಡಿಯೂ ಆಯಿತು.

ನಾಗಪ್ಪ ಕಟ್ಟೆಯ ಮೇಲಿದ್ದ. "ಎಲ್ಲಾ ಮನಿಗೂ ಹೇಳಿ ಬಂದೆ ಸಾಹೇಬ್ರ. ಸೋಮವಾರ ಏನೂ ಇಲ್ಲ," ಎಂದ, ಹೊರೆ ಇಳಿಸಿದವನ ಹಾಗೆ.

ನಾನು ಕೂತು, ಮೂವರಿಗೂ ಎಲ್ಲ ಹೇಳಿದೆ. ಲಿಂಗ ಹೋದ ಮಾತು ಬಂದಾಗ ನಾಗಪ್ಪ ಕಣ್ಣು ಮುಚ್ಚಿಕೊಂಡ. ದೇವಕ್ಕ ಕಂಬ ಹಿಡಿದುಕೊಂಡಳು. ಕಲ್ಲವ್ವ ಮಾತ್ರ ತಲೆಯಾಡಿಸುತ್ತ ಹೊಲಿಯುತ್ತಲೇ ಇದ್ದಳು, ತನಗೆ ಗೊತ್ತಿದ್ದ ಕಥೆಯನ್ನು ಬೇರೆಯವರ ಬಾಯಲ್ಲಿ ಕೇಳುವವರ ಹಾಗೆ.

"ಕಾಕಾರ," ಎಂದಳು ದೇವಕ್ಕ. "ಗಡ್ಡ ಎದಿಮಟ ಐತಿ ಅಂದ್ರಲ್ಲ. ಮಧ್ಯಾಹ್ನ ನಾ ನೀರಿಗೆ ಹೊಂಟಾಗ ಅಂಥಾಂವೊಬ್ಬ ಎದುರಿಗೆ ಬಂದ. ತಲಿ ತಗ್ಗಿಸಿ ಬದಿಗೆ ಸರಿದು ನಿಂತ. ನಾನೂ ಸರಿದು ನಡದೆ. ನಾ ನೋಡಲೇ ಇಲ್ರಿ."

"ಎತ್ತ ಕಡೆಗೆ ಹೋಗುತ್ತಿದ್ದ?"

"ಈ ಕಡೆಗೆ. ನಮ್ಮ ಓಣಿಗೆ."

ನಾನು ಕಲ್ಲವ್ವನ ಕಡೆ ತಿರುಗಿದೆ. ಆಗಲೇ ಗಮನಿಸಿದ್ದು, ಅವಳ ಮಡಿಲಲ್ಲಿ ಪೆಟ್ಟಿಗೆ ಇರಲಿಲ್ಲ.

"ಕಲ್ಲವ್ವಾರ, ಪೆಟ್ಟಿಗೆ ಎಲ್ಲಿ?"

"ಒಯ್ದ," ಎಂದಳು ಅವಳು.

"ಯಾರು?"

"ನೀರು ಕೇಳಾಕ ಬಂದಾಂವ." ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. "ಸೋಮವಾರ ಇಲ್ಲಿ ಆರಾಧನಿ ಐತೇನು ಅಂತ ಕೇಳಿದ. ಇಲ್ಲಪ್ಪ ಅಂದೆ. ಅಲ್ಲೇ ಕೂತ. ಏನು ಹೊಲಿಯಾಕತ್ತಿ ಅಜ್ಜಿ ಅಂದ. ಮೊಮ್ಮಗಗ ಹೊಸಾ ಕುಲಾಯಿ, ನೂಲು ಕಾಣಸೂದಿಲ್ಲ ಅಂದೆ. ಕೊಡು ಅಂತ ಇಸಗೊಂಡು ಎಣಿಸಿಕೊಟ್ಟ."

ನಾನು ಬಟ್ಟೆ ತೆಗೆದುಕೊಂಡು ನೋಡಿದೆ. ಹೊಸ ತೊಟ್ಟಿಲು. ಎರಡೂ ಹಗ್ಗ ಸಮ. ಎಣಿಕೆಯಲ್ಲಿ ಎಲ್ಲೂ ಒಂದು ನೂಲು ತಪ್ಪಿಲ್ಲ.

"ಅವ್ವಾ," ಎಂದ ನಾಗಪ್ಪ, "ನಿನಗ ಧ್ವನಿ ಗುರ್ತ ಸಿಗಲಿಲ್ಲೇನು?"

"ನನ್ನ ಕಣ್ಣು ಹೋಗ್ಯಾವಪ್ಪ, ಕಿವಿ ಹೋಗಿಲ್ಲ."

"ಮತ್ತ ಯಾಕ ಹಿಡಕೊಳ್ಳಲಿಲ್ಲ? ಯಾಕ ಕೂಗಲಿಲ್ಲ?"

"ಸೂಜಿ ಹುಡುಕಿದಂಗ ಮಾಡಿ ಎದಿ ಮುಟ್ಟಿ ನೋಡಿದೆ. ಎದಿ ಬರಿದಿತ್ತು." ಅವಳು ತನ್ನ ಕೊರಳದಾರ ಮುಟ್ಟಿಕೊಂಡಳು. "ಅದಕ್ಕ ಅಂವ ಅವ್ವಾ ಅನ್ನಲಿಲ್ಲ, ಅಜ್ಜಿ ಅಂದ. ಅಂಥಾಂವನ್ನ ಕೈ ಹಿಡಿದು ಜಗ್ಗಿದ್ರ ಓಡಿ ಹೋಗ್ತಿದ್ದ, ನಾಗ್ಯಾ. ಒಮ್ಮಿ ಓಡಿದಾಂವ. ನಾನೂ ಅಜ್ಜಿಯಾಗೇ ಮಾತಾಡಿದೆ."

ದೇವಕ್ಕ ಅತ್ತೆಯ ಪಕ್ಕದಲ್ಲಿ ಕೂತಳು. ಯಾರೂ ಅಳಲಿಲ್ಲ. ಮಗು ಭತ್ತದ ಕಾಳು ಆರಿಸಿ ತಂದು ಅಜ್ಜಿಯ ಮಡಿಲಿಗೆ ಹಾಕುತ್ತಿತ್ತು.

"ಪೆಟ್ಟಿಗಿ ನೋಡಿದ," ಎಂದಳು ಕಲ್ಲವ್ವ. "ಬಾಳ ಹೊತ್ತು ಹಿಡಕೊಂಡು ಕೂತ. ಇದರಾಗ ಒಂದು ಗೆರಿ ಬಾಕಿ ಐತಿ ಅಜ್ಜಿ, ಮುಗಿಸಿ ತಂದುಕೊಡ್ಲೇನು ಅಂದ. ಒಯ್ಯಪ್ಪ, ಸೋಮವಾರ ತಂದುಕೊಡು ಅಂದೆ."

"ಸೋಮವಾರ ಏನೂ ಇಲ್ಲವಲ್ಲ ಕಲ್ಲವ್ವಾರ!"

"ಅಂವನೂ ಹಂಗ ಅಂದ. ಆರಾಧನಿ ಇಲ್ಲ, ಜವಳ ಐತಿ ಅಂದೆ. ಕೂಸಿಗೆ ಮೂರರಾಗ ಬಿದ್ದೈತಿ, ಕೂದಲಾ ತೆಗಿಸಿ ಹೊಸಾ ಕುಲಾಯಿ ಹಾಕೂದೈತಿ, ಊಟಕ್ಕ ಬಾ ಅಂದೆ." ಅವಳು ಹಿರಿಮಗನ ಕಡೆ ಮುಖ ತಿರುಗಿಸಿದಳು. "ನಾಳಿ ಮತ್ತ ಎಲ್ಲಾ ಮನಿಗೂ ಹೋಗಿ ಹೇಳಿ ಬಾ. ಅದ ಅಕ್ಕಿ, ಅದ ಬೆಲ್ಲ. ಊಟ ಮಾತ್ರ ಬ್ಯಾರೆ."

ನಾಗಪ್ಪ ಮೊದಲು ಬಾಯಿ ಬಿಟ್ಟು ನೋಡಿದ. ಆಮೇಲೆ ಜೋರಾಗಿ ನಕ್ಕ. ಆ ಮನೆಯಲ್ಲಿ ಗಂಡಸಿನ ನಗು ಕೇಳಿದ್ದು ನನಗೆ ಅದೇ ಮೊದಲು. ನನಗೂ ನಗು ಬಂತು. ಬಂದರಿನಲ್ಲಿ ಕಳೆದ ನನ್ನ ಅಷ್ಟೂ ವರ್ಷಗಳ ಜಾಣತನವನ್ನು ಈ ಅಜ್ಜಿ ಒಂದು ಚೆಂಬು ನೀರು ಕೊಡುವಷ್ಟರಲ್ಲಿ ಮೀರಿಸಿದ್ದಳು.

"ಬರುತ್ತೇನೆ ಅಂದನೇ?" ಎಂದೆ.

"ಅದನ್ನ ಹೇಳಲಿಲ್ಲ. ಎದ್ದು ನಿಂತ. ಒಂದು ಮಾತು ಕೇಳಿದ."

"ಏನು?"

"ಎದಿ ಮ್ಯಾಲೆ ಲಿಂಗ ಇಲ್ಲದಾಂವ ಜವಳದ ಪಂಕ್ತಿಯೊಳಗ ಕೂಡಬಹುದೇನು ಅಜ್ಜಿ, ಅಂತ."

ನಗು ಅಲ್ಲಿಗೇ ನಿಂತಿತು.

"ನೀವೇನಂದ್ರಿ ಅತ್ತಿ?" ಎಂದಳು ದೇವಕ್ಕ.

"ನಾ ಏನು ಹೇಳ್ಲವ್ವ? ಅದು ಗುರುಗಳು ಹೇಳೂ ಮಾತು. ಸೋಮವಾರ ಬಾ, ಬಾಗಲದಾಗ ಉತ್ತರ ಇಟ್ಟಿರ್ತೀನಿ ಅಂದೆ." ಮಂಜು ಕವಿದ ಆ ಕಣ್ಣುಗಳು ಸರಿಯಾಗಿ ನನ್ನ ಮೇಲೆ ನಿಂತವು. "ಮಠಕ್ಕ ಹೋಗಿ ಸ್ವಾಮಿಗಳನ್ನ ಕರಕೊಂಡು ಬರ್ರಿ, ಅಂದಾನಪ್ಪನೋರ. ನನ್ನ ಮಗನ ಕೊರಳಿಗೆ ಮತ್ತ ಲಿಂಗ ಕಟ್ಟಲಿ. ಅದ ಉತ್ತರ."

ನಾಗಪ್ಪ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. ದನಿ ತಗ್ಗಿಸಿದ.

"ಸಾಹೇಬ್ರ, ಬೆಳಿಗ್ಗಿ ಆರಾಧನಿ ಇಲ್ಲ ಅಂತ ಹೇಳಾಕ ಮಠಕ್ಕೂ ಹೋಗಿದ್ದೆ. ಬದುಕಿರಬಹುದು ಅಂದೆ. ಸ್ವಾಮಿಗಳು ಬಾಳ ಸಂತೋಷಪಟ್ರು. ಆದ್ರ ತಿಮಿಂಗಿಲ ಕಡಿಯೂ ಹಡಗು ಅಂದಕೂಡಲೇ ಮಾರಿ ಗಂಟು ಹಾಕಿದ್ರು. ಬದುಕಿ ಬಂದ್ರೂ ಅವನ್ನ ಮಠದ ಮೆಟ್ಟಲಾ ಹತ್ತಿಸಬ್ಯಾಡ ಅಂದ್ರು."

ನಾನು ಕಟ್ಟೆಗೆ ಬಂದು ಚಪ್ಪಲಿ ಹುಡುಕಿದೆ. ಮಠದ ಕಡೆಗೆ ಗಾಡಿ ಹೂಡಲು ನಾಗಪ್ಪನಿಗೆ ಸನ್ನೆ ಮಾಡಿದೆ. ಅಷ್ಟರಲ್ಲಿ ದೇವಕ್ಕ ಅತ್ತೆಯ ಮಡಿಲಿನಿಂದ ಹೊಸ ಕುಲಾಯಿಯನ್ನು ತೆಗೆದು, ಮಡಚಿ ನನ್ನ ಕೈಗೆ ಕೊಟ್ಟಳು.

"ಇದನ್ನ ಅವರಿಗೆ ತೋರಸ್ರಿ ಕಾಕಾರ," ಎಂದಳು.

ಗಾಡಿಯಲ್ಲಿ ಕೂತ ಮೇಲೆ ಬಿಚ್ಚಿ ನೋಡಿದೆ. ತೊಟ್ಟಿಲಿನ ಬುಡದಲ್ಲಿ, ಹೊರಟ ಜಾಗಕ್ಕೂ ಬಂದ ಜಾಗಕ್ಕೂ ನಡುವೆ ಕಲ್ಲವ್ವ ಒಂದು ಹೊಲಿಗೆಯನ್ನು ಮಗನಿಗೆಂದು ಹಾಕದೆ ಬಿಟ್ಟಿದ್ದಳು. ನೂಲು ಪೋಣಿಸಿದ ಸೂಜಿ ಅಲ್ಲೇ ಚುಚ್ಚಿಕೊಂಡಿತ್ತು.